ಶಿಶುವಿಹಾರದ ಬುತ್ತಿ



ಬುತ್ತಿಯೆಂದೊಡನೆ ನಮ್ಮ ನೆನಪಿಗೆ ಬರುವುದು ದೂರದ ಪ್ರಯಾಣ, ಬಾಳೆಯೆಲೆಯಲ್ಲಿ ಕಟ್ಟಿದ ಮೊಸರನ್ನ, ಹುಳಿಯನ್ನ. ನಾನು ಈಗ ಅರಿಕೆ ಮಾಡಬೇಕೆಂದಿರುವುದು ಅದಕ್ಕಿಂತ ಬಹು ಚಿಕ್ಕ ಬುತ್ತಿಯ ವಿಷಯವನ್ನು. ಮೂರು ನಾಲ್ಕು ವರ್ಷದ ಮಗು ಶಿಶುವಿಹಾರಕ್ಕೆ ಒಯ್ಯುವ ಡಬ್ಬಿಯಲ್ಲಿ ಪುಷ್ಟಿಕರವಾದುದೇನನ್ನು ತುಂಬಬೇಕೆಂಬುದನ್ನು ತಾಯಂದಿರು ಬಲ್ಲರು. ಏನನ್ನು ತುಂಬಬಾರದೆಂಬುದರಲ್ಲಿಯೇ ನಾವು ಎಡವುವುದು.

ಚಿತ್ರಾನ್ನವನ್ನೇ ತೆಗೆದುಕೊಳ್ಳೋಣ. ಕಡಲೆಕಾಯಿ ಬೀಜವಿಲ್ಲದ ಚಿತ್ರಾನ್ನವೂ ಒಂದು ಚಿತ್ರಾನ್ನವೇ ಎಂದು ಕೇಳುವವರಲ್ಲಿ ನಾನೂ ಒಬ್ಬಳಾಗಿದ್ದೆ. ಒಂದು ದಿನ ನಾನೇ ಕಟ್ಟಿಕೊಟ್ಟ ಬುತ್ತಿಯನ್ನುಣ್ಣುವಾಗ ನನ್ನ ಮೊಮ್ಮಗುವಿಗೆ ಬಲವಾದ ಕೆಮ್ಮು ಬಂದು, ಹಾಗೆಯೇ ನಿಂತಿತು. ಅನಂತರ ಒಂದು ವಾರ ಎದೆಯಲ್ಲಿ ಸುಯ್ಯೆಂಬ ಸದ್ದು. ನೆಗಡಿಯೆಂದು ಕಷಾಯ ಕುಡಿಸಿದೆವು. ಕೊನೆಗೆ ವೈದ್ಯರು ಕೊಳವೆಯಿಳಿಸಿ ಶ್ವಾಸನಾಳದ ಬಲಗವಲಿನಿಂದ ಹೊರತೆಗೆದುದು ಅರ್ಧ ಕಡಲೆಬೀಜವನ್ನು!

ಇದು ಅಪರೂಪದ ಸಂಗತಿಯೆಂದು ತಿಳಿಯಬಾರದು. ಆ ವಯಸ್ಸಿನಲ್ಲಿ ಹಿಂದಿನ ದವಡೆಹಲ್ಲುಗಳು ಮೂಡಿದ್ದರೂ ಚೆನ್ನಾಗಿ ಅರೆಯುವ ಅಭ್ಯಾಸ ಬಂದಿರುವುದಿಲ್ಲ. ಶ್ವಾಸನಾಳವೂ ಬಹು ಕಿರಿದು. ನಗುತ್ತಲೋ ಓಡುತ್ತಲೋ ತಿನ್ನುವ ಮಗು ಉಸಿರನ್ನು ಒಮ್ಮೆ ಸೆಳೆದರೆ ಬೀಜವು ಅನ್ನದ ದಾರಿಯನ್ನು ಬಿಟ್ಟು ಗಾಳಿಯ ದಾರಿಯನ್ನು ಹಿಡಿಯುತ್ತದೆ. ಆದುದರಿಂದ 5 ವರ್ಷ ತುಂಬುವವರೆಗೆ ಇಡಿಯ ಬೀಜವನ್ನು ಕೊಡತಕ್ಕುದಲ್ಲ. ಒಗ್ಗುವ ಮಗುವಾದರೆ ನುಣ್ಣಗೆ ಪುಡಿಮಾಡಿ ಬೆರೆಸಬಹುದು. ಗಟ್ಟಿಯಾದ ಕೋಡುಬಳೆ, ಕೊಬ್ಬರಿಯ ಚೂರು, ಬೆಲ್ಲದ ಮಿಠಾಯಿಗಳೂ ಇದೇ ಗುಂಪಿನವು. ದ್ರಾಕ್ಷಿಯನ್ನು ಉದ್ದುದ್ದವಾಗಿ ನಾಲ್ಕು ಸೀಳು ಮಾಡಿ, ಬೀಜ ತೆಗೆದು ಇಡಬೇಕು. ಗಜ್ಜರಿಯನ್ನು ತುರಿಯಬೇಕು ಇಲ್ಲವೆ ಮೆತ್ತಗೆ ಬೇಯಿಸಬೇಕು.

ಚಿತ್ರಾನ್ನದ ಮೇಲೆ ಎರಡನೆಯ ಆಪಾದನೆಯೂ ಉಂಟು. ರಾತ್ರಿ ಉಳಿದ ಅನ್ನಕ್ಕೆ ಒಗ್ಗರಣೆ ಹಾಕುವುದು ನಮ್ಮ ಹಳೆಯ ಮಿತವ್ಯಯ. ಆದರೆ ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಅಣುಜೀವಿಯ ಬೀಜಾಣುಗಳು ಕುದಿಯುವ ನೀರಿನಲ್ಲಿಯೂ ಉಳಿದುಕೊಂಡು, ಅನ್ನವು ಹೊರಗೆ ಬೆಚ್ಚಗಿದ್ದಷ್ಟು ಹೊತ್ತೂ ವೃದ್ಧಿಹೊಂದುತ್ತವೆ. ಅವು ಉತ್ಪತ್ತಿಮಾಡುವ ವಾಂತಿಕಾರಕ ವಿಷವು ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಒಗ್ಗರಣೆಯಿಂದ ವಾಸನೆ ಮರೆಯಾದೀತು, ವಿಷ ಮರೆಯಾಗದು. ರಾತ್ರಿಯೆಲ್ಲ ಹೊರಗಿದ್ದ ಅನ್ನವನ್ನು ಮಗುವಿನ ಬುತ್ತಿಗೆ ಖಂಡಿತ ಹಾಕಬಾರದು. ಬೆಳಗ್ಗೆ ಹೊಸದಾಗಿ ಮಾಡಿದುದನ್ನೂ ಹಬೆಯಾಡುವಾಗಲೇ ಮುಚ್ಚದೆ, ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ಒಣಗಿದ ಡಬ್ಬಿಗೆ ತುಂಬಬೇಕು. ಊಟಕ್ಕೆ 2 ಗಂಟೆಗೂ ಮೀರಿ ಹೊತ್ತಿದ್ದರೆ, ಮುಖ್ಯವಾಗಿ ಬೇಸಗೆಯಲ್ಲಿ, ಅನ್ನಕ್ಕಿಂತ ಚಪಾತಿಯೇ ಲೇಸು. ಮೆತ್ತನೆಯ ಪಲ್ಯವನ್ನು ತೆಳುವಾಗಿ ಸವರಿ ಸುರುಳಿ ಸುತ್ತಿದರೆ ಮಗು ತಾನೇ ಹಿಡಿದು ತಿನ್ನುತ್ತದೆ. ರಾಗಿಯ ತೆಳು ರೊಟ್ಟಿಯೂ ಆದೀತು. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಸುಣ್ಣದ ಅಂಶವಿದೆ.

ಪ್ರಮಾಣದ ವಿಷಯದಲ್ಲಿ ತಾಯಿಯ ಕೈ ಉದಾರವಾದುದು, ಮಗುವಿನ ಹೊಟ್ಟೆ ಚಿಕ್ಕದು. ತುಂಬಿದ ಡಬ್ಬಿಯನ್ನು ಕಂಡೇ ಕೆಲವು ಮಕ್ಕಳು ಹಿಂಜರಿಯುತ್ತವೆ.

ಡಬ್ಬಿ ಮರಳಿ ಬಂದಾಗ ಗದರಿಸುವ ಮೊದಲು ವಿಚಾರಿಸಬೇಕು. ನಮ್ಮ ಮನೆಯ ಡಬ್ಬಿ ಒಮ್ಮೆ ಮೂರು ದಿನ ತುಂಬಿದಂತೆಯೇ ಮರಳಿತು. ಹಟವೆಂದು ಬಗೆದು ನಾವು ಗದರಿದೆವು. ಹೊಸ ಡಬ್ಬಿಯ ಬಿಗಿಯಾದ ಮುಚ್ಚಳವನ್ನು ತೆಗೆಯಲಾರದೆ, ಉಪಾಧ್ಯಾಯಿನಿಯನ್ನು ಕೇಳಲು ನಾಚಿ, ಮೂರು ದಿನವೂ ಮಗು ಅದನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕುಳಿತಿತ್ತು.