ಟ್ಯಾಂಕರ್ ಲಾರಿಯ ಹೊಗೆ ಸೋರಿಕೆ: ಪತ್ತೆ ಮತ್ತು ದುರಸ್ತಿ



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬೇಸಿಗೆ ಬಂತೆಂದರೆ ಕೊಳವೆಬಾವಿಗಳು ಬತ್ತುವುದೂ, ಟ್ಯಾಂಕರ್ ನೀರಿನ ವಿಷಯ ಸಾಮಾನ್ಯ ಸಭೆಯ ಮುಂದೆ ಬರುವುದೂ ಹೊಸದಲ್ಲ. ಕೊಟ್ಟೂರೇಶ್ವರ ರಥೋತ್ಸವ, ಮೈಲಾರ ಜಾತ್ರೆಗಳಂಥ ಸಂದರ್ಭಗಳಲ್ಲಿ ಟ್ಯಾಂಕರ್ ಜನರ ನಡುವೆಯೇ ನಿಲ್ಲಬೇಕಾಗುತ್ತದೆ. ನೀರಿನ ಲೆಕ್ಕವನ್ನು ಸಭೆಯು ಎಚ್ಚರದಿಂದ ನೋಡುತ್ತದೆ. ನೀರು ಹೊರುವ ಲಾರಿಯ ದುರಸ್ತಿ ಬಿಲ್ಲು ಮಾತ್ರ ಹೆಚ್ಚು ಪ್ರಶ್ನೆಗಳಿಲ್ಲದೆ ಮಂಜೂರಾಗಿಬಿಡುತ್ತದೆ.

ದೂರು ಸಾಮಾನ್ಯವಾಗಿ ಒಂದೇ ಬಗೆಯದು. ಚಾಲಕನು, ತುಂಬಿದ ಟ್ಯಾಂಕರ್ ಏರಿನಲ್ಲಿ ಎಳೆಯುತ್ತಿಲ್ಲ, ಡೀಸೆಲ್ ಹೆಚ್ಚು ಕುಡಿಯುತ್ತಿದೆ, ಕಪ್ಪು ಹೊಗೆ ಬರುತ್ತಿದೆ ಎನ್ನುತ್ತಾನೆ. ಗ್ಯಾರೇಜಿನಲ್ಲಿ ಟರ್ಬೊ ಹೋಗಿದೆ, ಬದಲಿಸಬೇಕು ಎಂಬ ಉತ್ತರ ಸಿಗುತ್ತದೆ. ಟರ್ಬೊ ನಿಜವಾಗಿಯೂ ಕೆಟ್ಟಿರಬಹುದು. ಆದರೆ ಇದೇ ಮೂರು ಲಕ್ಷಣಗಳನ್ನು ಒಂದು ಹರಿದ ಗ್ಯಾಸ್ಕೆಟ್ ಸಹ ತೋರಿಸುತ್ತದೆ.

ಎಂಜಿನ್ನಿನಲ್ಲಿ ಸುಟ್ಟ ಅನಿಲವು ಎರಕದ ಕಬ್ಬಿಣದ ಮ್ಯಾನಿಫೋಲ್ಡಿನಲ್ಲಿ ಕೂಡಿ, ಟರ್ಬೊದ ಚಕ್ರವನ್ನು ತಿರುಗಿಸಿ, ಅನಂತರ ಸೈಲೆನ್ಸರಿಗೆ ಹೋಗುತ್ತದೆ. ಆ ಚಕ್ರದ ತಿರುಗುವಿಕೆಯಿಂದಲೇ ಹೊಸ ಗಾಳಿಯು ಒತ್ತಡದೊಡನೆ ಎಂಜಿನ್ನಿಗೆ ಸೇರುತ್ತದೆ. ಟರ್ಬೊವನ್ನು ತಲುಪುವ ಮೊದಲೇ ಅನಿಲ ಸೋರಿದರೆ ಚಕ್ರದ ವೇಗ ತಗ್ಗುತ್ತದೆ, ಗಾಳಿ ಕಡಿಮೆಯಾಗುತ್ತದೆ, ಡೀಸೆಲ್ ಪೂರ್ಣವಾಗಿ ಸುಡದೆ ಕಪ್ಪು ಹೊಗೆಯಾಗುತ್ತದೆ. ಹೊಸ ಟರ್ಬೊ ಕೂರಿಸಿದರೂ ಸೋರಿಕೆ ಹಾಗೆಯೇ ಉಳಿಯುತ್ತದೆ. ಟರ್ಬೊ ದಾಟಿದ ಮೇಲಿನ ಸೋರಿಕೆಯಾದರೆ ಎಳೆತ ಅಷ್ಟಾಗಿ ಕುಗ್ಗುವುದಿಲ್ಲ. ಸದ್ದು ಮತ್ತು ವಾಸನೆ ಹೆಚ್ಚುತ್ತವೆ.

ಪತ್ತೆಗೆ ಸೂಕ್ತ ಸಮಯ ಬೆಳಗಿನ ಮೊದಲ ಸ್ಟಾರ್ಟ್. ಎಂಜಿನ್ ತಣ್ಣಗಿರುವಾಗ ಟಿಕ್ ಟಿಕ್ ಎಂಬ ಸದ್ದು ಸ್ಪಷ್ಟವಾಗಿರುತ್ತದೆ. ಕಬ್ಬಿಣ ಕಾದು ಹಿಗ್ಗಿದ ಮೇಲೆ ಸಂದು ಮುಚ್ಚಿಕೊಂಡು ಸದ್ದು ಅಡಗಬಹುದು. ಮಧ್ಯಾಹ್ನ ಬಿಸಿ ಎಂಜಿನ್ನನ್ನು ನೋಡಿ ಏನೂ ಇಲ್ಲ ಎನ್ನುವ ಮೆಕ್ಯಾನಿಕ್ ಸುಳ್ಳು ಹೇಳುತ್ತಿಲ್ಲ, ತಡವಾಗಿ ನೋಡುತ್ತಿದ್ದಾನೆ, ಅಷ್ಟೆ. ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದು ತುದಿಯನ್ನು ಒಂದೊಂದು ಜೋಡಣೆಯ ಬಳಿ ಒಯ್ದರೆ ಸದ್ದಿನ ಜಾಗ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವ ಸಾಕ್ಷಿ ಮಸಿ: ಸೋರುವ ಸಂದಿನಿಂದ ಹೊರಕ್ಕೆ ಕಪ್ಪು ಗೆರೆ ಚಾಚಿರುತ್ತದೆ. ಎಂಜಿನ್ ಪೂರ್ಣ ತಣಿದು ನಿಂತಿರುವಾಗ ಹೊಗೆ ಕೊಳವೆಯೊಳಗೆ ಕಡಿಮೆ ಒತ್ತಡದ ಗಾಳಿ ಊದಿ, ಜೋಡಣೆಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ನೋಡುವುದು ಇನ್ನೊಂದು ವಿಧಾನ. ಕಾದ ಮ್ಯಾನಿಫೋಲ್ಡಿನ ಮೇಲೆ ನೀರು ಸುರಿಯಲೇಬಾರದು. ಎರಕ ಬಿರುಕು ಬಿಡುತ್ತದೆ.

ದುರಸ್ತಿಯಲ್ಲಿ ಹೆಚ್ಚು ತಪ್ಪು ನಡೆಯುವುದು ಅವಸರದಿಂದ. ಕಾಯುವ, ತಣಿಯುವ ಚಕ್ರದಲ್ಲಿ ಉದ್ದನೆಯ ಮ್ಯಾನಿಫೋಲ್ಡಿನ ತುದಿಗಳೇ ಹೆಚ್ಚು ಸರಿದಾಡುವುದರಿಂದ ತುದಿಯ ಸ್ಟಡ್‌ಗಳು ಮೊದಲು ಮುರಿಯುತ್ತವೆ. ಮುರಿದುದನ್ನು ಬಿಟ್ಟು ಉಳಿದ ನಟ್ಟುಗಳನ್ನೇ ಬಿಗಿದರೆ, ಅಥವಾ ಸಂದಿಗೆ ಪೇಸ್ಟ್ ಮೆತ್ತಿದರೆ, ಕೆಲವೇ ಟ್ರಿಪ್‌ಗಳಲ್ಲಿ ಮತ್ತೆ ಅದೇ ಸದ್ದು. ಮುರಿದ ಸ್ಟಡ್ ತೆಗೆದು ಹೊಸದನ್ನು ಹಾಕಬೇಕು. ಮ್ಯಾನಿಫೋಲ್ಡಿನ ಮುಖಕ್ಕೆ ನೇರಪಟ್ಟಿಯಿಟ್ಟು ಫೀಲರ್ ಗೇಜಿನಿಂದ ಸೊಟ್ಟು ಅಳೆಯಬೇಕು. ತಯಾರಕರ ಮಿತಿ ಮೀರಿದ್ದರೆ ಯಂತ್ರದಲ್ಲಿ ಸಮ ಮಾಡಿಸಬೇಕು, ಬಿರುಕಿದ್ದರೆ ಬದಲಿಸಬೇಕು. ಹಳೆಯ ಗ್ಯಾಸ್ಕೆಟ್ಟನ್ನು ಮರಳಿ ಹಾಕಕೂಡದು. ನಟ್ಟುಗಳನ್ನು ನಡುವಿನಿಂದ ತುದಿಗಳ ಕಡೆಗೆ, ಹಂತಹಂತವಾಗಿ, ಟಾರ್ಕ್ ರೆಂಚಿನಿಂದ ಕೈಪಿಡಿಯ ಅಳತೆಗೆ ಬಿಗಿಯಬೇಕು.

2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಲಾರಿಗಳಲ್ಲಿ ಹೊಗೆ ಶುದ್ಧೀಕರಣದ ಸೆನ್ಸರ್‌ಗಳೂ ಇರುವುದರಿಂದ ಸೋರಿಕೆಯು ಎಚ್ಚರಿಕೆ ದೀಪವಾಗಿಯೂ ಕಾಣಿಸಬಹುದು. ದೀಪ ಆರಿಸುವುದು ದುರಸ್ತಿಯಲ್ಲ.

ಹಣಕ್ಕಿಂತ ದೊಡ್ಡ ಮಾತು ಚಾಲಕನದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಹೊಗೆಯಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಪೆಟ್ರೋಲಿಗಿಂತ ಡೀಸೆಲ್ ಎಂಜಿನ್ನಿನಲ್ಲಿ ಅದರ ಪ್ರಮಾಣ ಕಡಿಮೆ. ಆದರೆ ಕಿಟಕಿ ಮುಚ್ಚಿ, ಎಂಜಿನ್ ಚಾಲೂ ಇಟ್ಟು ಕ್ಯಾಬಿನಿನಲ್ಲಿ ಮಲಗಿದವನಿಗೆ ಆ ಕಡಿಮೆಯೂ ಸಾಕಾಗಬಹುದು. ಚಾಲಕನು ತಲೆನೋವು, ಓಕರಿಕೆ, ಮಂಪರು ಎಂದರೆ ಆ ದಿನವೇ ವಾಹನವನ್ನು ನಿಲ್ಲಿಸಬೇಕು. ಬಾಡಿಗೆ ಟ್ಯಾಂಕರ್ ಆದರೂ ಸರಿ. ದುರಸ್ತಿಯ ವೆಚ್ಚ ಮಾಲೀಕನದು, ನಿಲ್ಲಿಸುವ ನಿರ್ಧಾರ ಪಂಚಾಯಿತಿಯದು. ಬಾಡಿಗೆ ಕರಾರಿನಲ್ಲಿ ಈ ಷರತ್ತನ್ನು ಮೊದಲೇ ಬರೆಸಿಕೊಂಡರೆ ಬೇಸಿಗೆಯ ನಡುವೆ ವಾದ ಹುಟ್ಟುವುದಿಲ್ಲ.

ಬಿಲ್ಲಿನಲ್ಲಿ ‘ಎಂಜಿನ್ ಕೆಲಸ’ ಎಂಬ ಒಂದೇ ಸಾಲಿದ್ದರೆ ಅದನ್ನು ಹಿಂದಿರುಗಿಸಿ, ಸೋರಿಕೆ ಎಲ್ಲಿತ್ತು, ಎಷ್ಟು ಸ್ಟಡ್, ಯಾವ ಗ್ಯಾಸ್ಕೆಟ್, ಮುಖ ಸಮ ಮಾಡಿಸಲಾಯಿತೇ ಎಂಬುದನ್ನು ಬರೆಸಿಕೊಳ್ಳತಕ್ಕದ್ದು. ಟರ್ಬೊ ಬದಲಿಸುವ ಪ್ರಸ್ತಾವ ಬಂದಾಗ, ತಣ್ಣಗಿನ ಎಂಜಿನ್ನಿನಲ್ಲಿ ಸೋರಿಕೆ ಪರೀಕ್ಷಿಸಿದ ಬಗ್ಗೆ ಲಿಖಿತ ವರದಿ ಕೇಳತಕ್ಕದ್ದು. ತೆಗೆದ ಹಳೆಯ ಭಾಗಗಳನ್ನು ಕಚೇರಿಗೆ ತರಿಸತಕ್ಕದ್ದು. ಕೆಲವು ಟ್ರಿಪ್‌ಗಳ ನಂತರ, ಎಂಜಿನ್ ತಣಿದ ಬೆಳಗಿನಲ್ಲಿ, ಕೈಪಿಡಿಯಂತೆ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸಿದ ದಿನಾಂಕವು ವಾಹನದ ಲಾಗ್ ಪುಸ್ತಕದಲ್ಲಿ ಇರಬೇಕು.