ಕಲಾಯಿ ಹಾಕಿದ ಪಾತ್ರೆ

ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಗಳು ಅಟ್ಟದಿಂದ ಇಳಿದು ಮತ್ತೆ ಒಲೆಯ ಮೇಲೆ ಕೂರುತ್ತಿವೆ. ಸ್ಟೀಲು ಬಂದ ಮೇಲೆ ಮೂಲೆ ಸೇರಿದ್ದ ತಪ್ಪಲೆ, ಬೋಗುಣಿಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಂಗಾರದಂತೆ ಹೊಳೆಯಿಸಿ, ಅದರಲ್ಲೇ ಸಾರು ಮಾಡುವ ಉತ್ಸಾಹ ಎಷ್ಟೋ ಮನೆಗಳಲ್ಲಿ ಕಾಣುತ್ತದೆ. ಉತ್ಸಾಹವೇನೋ ಒಳ್ಳೆಯದೆ. ಆದರೆ ಹೊರಗಿನ ಹೊಳಪಿಗೆ ಮರುಳಾದವರು ಒಳಗನ್ನೂ ಒಮ್ಮೆ ಬಗ್ಗಿ ನೋಡಬೇಕು. ಅಲ್ಲಿ ಬೆಳ್ಳಗಿನ ಕಲಾಯಿ ಉಂಟೋ, ಇಲ್ಲವೋ?

ತಿಕ್ಕಲು ಹುಣಸೆಹಣ್ಣನ್ನೇ ಏಕೆ ಹಚ್ಚುತ್ತೇವೆ? ಲೋಹದ ಮೇಲೆ ಕಟ್ಟಿದ ಕರೆಯನ್ನು ಅದರ ಹುಳಿ ಕರಗಿಸುತ್ತದೆ. ಹೊರಗೆ ಕರಗಿಸಿದ ಹುಳಿ ಒಳಗೆ ಸುಮ್ಮನಿದ್ದೀತೆ? ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಣ. ಸಾರು, ಗೊಜ್ಜು, ಮಜ್ಜಿಗೆಹುಳಿಗಳು ಅದರಲ್ಲಿ ಕುದ್ದರೆ, ಅದಕ್ಕಿಂತಲೂ ಕುದ್ದ ಮೇಲೆ ಸಂಜೆಯವರೆಗೆ ಅಲ್ಲೇ ನಿಂತರೆ, ತಾಮ್ರ ಆಹಾರಕ್ಕೆ ಇಳಿಯುತ್ತದೆ. ಹಿರಿಯರು ಕಿಲುಬು ಎನ್ನುತ್ತಿದ್ದುದು ಇದನ್ನೇ. ಬಾಯಿಗೆ ಒಗರು, ಹೊಟ್ಟೆ ತೊಳಸು, ಹೆಚ್ಚಾದರೆ ವಾಂತಿ. ಸ್ನಾನದ ಹಂಡೆಗೆ ಕಲಾಯಿ ಬೇಡ. ಅಡಿಗೆಯ ಪಾತ್ರೆಗೆ ಬೇಕೇ ಬೇಕು.

ಕಲಾಯಿ ಎಂಬುದು ತವರದ ತೆಳುವಾದ ಲೇಪ. ಕಲಾಯಿಯವನು ಪಾತ್ರೆಯನ್ನು ಚೆನ್ನಾಗಿ ಉಜ್ಜಿ, ತಿದಿ ಒತ್ತಿ ಎಬ್ಬಿಸಿದ ಇದ್ದಿಲ ಕೆಂಡದ ಮೇಲೆ ಕಾಯಿಸುತ್ತಾನೆ. ಕಾದ ಪಾತ್ರೆಗೆ ನವಸಾಗರದ ಪುಡಿ ಎರಚಿದರೆ ಬಿಳಿಯ ಹೊಗೆ ಏಳುತ್ತದೆ. ಉಳಿದ ಕರೆಯೆಲ್ಲ ಬಿಟ್ಟುಹೋಗಿ ತವರ ಅಂಟಿಕೊಳ್ಳುವಂತೆ ಮಾಡುವುದು ಅದರ ಕೆಲಸ. ಮೇಲೆ ತವರದ ಕಡ್ಡಿಯನ್ನು ಮುಟ್ಟಿಸಿದರೆ ಸಾಕು, ಕರಗುತ್ತದೆ. ಹತ್ತಿಯ ಉಂಡೆಯಿಂದ ಸರಸರನೆ ಒರಸಿದೊಡನೆ ಹಳದಿಯ ಒಳಮೈ ಬೆಳ್ಳಿಯಂತಾಗುತ್ತದೆ. ನೋಡಲು ಸೊಗಸಾದ ಕೆಲಸ. ಮಕ್ಕಳು ಸುತ್ತ ನೆರೆಯುವುದು ಸಹಜವೇ, ಆದರೂ ಆ ಹೊಗೆಯಿಂದ ಅವರನ್ನು ದೂರ ನಿಲ್ಲಿಸಿರಿ.

ಇಲ್ಲಿ ಒಂದು ಎಚ್ಚರಿಕೆ ಅತ್ಯವಶ್ಯ. ತವರಕ್ಕೆ ಬೆಲೆ ಹೆಚ್ಚು, ಸೀಸಕ್ಕೆ ಕಡಿಮೆ. ತವರದೊಡನೆ ಸೀಸ ಬೆರೆಸಿದರೆ ಕಲಾಯಿ ಇನ್ನೂ ಸುಲಭವಾಗಿ ಕರಗುತ್ತದೆ, ಹೊಳಪೂ ಬರುತ್ತದೆ. ಆದರೆ ಸೀಸ ವಿಷ. ದಿನದಿನವೂ ಸ್ವಲ್ಪಸ್ವಲ್ಪವಾಗಿ ಮೈ ಸೇರಿ ಮಕ್ಕಳ ಮಿದುಳಿನ ಬೆಳವಣಿಗೆಯನ್ನೇ ಕೆಡಿಸುತ್ತದೆ. ಇಷ್ಟಾದರೆ ಅಪಾಯವಿಲ್ಲ ಎನ್ನುವ ಮಿತಿಯೇ ಅದಕ್ಕಿಲ್ಲ. ಕಿಲುಬಾದರೋ ಒಗರಿನಿಂದ ತನ್ನನ್ನು ತಾನೇ ತಿಳಿಸಿಕೊಡುತ್ತದೆ, ಸೀಸ ಸದ್ದಿಲ್ಲದೆ ಸೇರುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲು ಕಡ್ಡಿಯನ್ನು ಕೇಳಿ ನೋಡಿರಿ. ಅಪ್ಪಟ ತವರದ ಕಡ್ಡಿಯನ್ನು ಕಿವಿಯ ಬಳಿ ಬಗ್ಗಿಸಿದರೆ ಕಿರಕಿರನೆ ಸದ್ದು ಮಾಡುತ್ತದೆ. ಸೀಸ ಮೂಕ, ಬಿಳಿಯ ಕಾಗದದ ಮೇಲೆ ಗೀಚಿದರೆ ಪೆನ್ಸಿಲಿನಂತೆ ಕಪ್ಪು ಗೆರೆ ಎಳೆಯುತ್ತದೆ. ಇವು ಮನೆಯ ಪರೀಕ್ಷೆಗಳು. ಸ್ವಲ್ಪ ಬೆರಕೆಯನ್ನು ಹಿಡಿದುಕೊಡಲಾರವು. ನಂಬಿಕೆಯ ಕೈಯಿಂದಲೇ ಕೆಲಸ ಮಾಡಿಸುವುದು ಮೇಲು, ಕೂಲಿ ನಾಲ್ಕು ಕಾಸು ಹೆಚ್ಚಾದರೂ ಸರಿಯೆ.

ಹಾಕಿಸಿದ ಕಲಾಯಿಯನ್ನು ಉಳಿಸಿಕೊಳ್ಳುವುದು ಗೃಹಿಣಿಯ ಕೈಯಲ್ಲಿದೆ, ಈಗ ಅಡಿಗೆಮನೆಗೆ ಇಳಿದಿರುವ ಗಂಡಸರ ಕೈಯಲ್ಲಿಯೂ ಇದೆ ಎನ್ನೋಣ. ತವರ 232 ಡಿಗ್ರಿ ಸೆಂಟಿಗ್ರೇಡಿಗೆ ಕರಗಿಬಿಡುತ್ತದೆ. ನೀರು ಇರುವ ತನಕ ಭಯವಿಲ್ಲ, ಕುದಿಯುವ ನೀರು 100 ಡಿಗ್ರಿಯ ಆಚೆ ಹೋಗುವುದಿಲ್ಲ. ಬರಿಯ ಪಾತ್ರೆಯನ್ನು ಗ್ಯಾಸಿನ ಉರಿಯ ಮೇಲಿಟ್ಟು ಮರೆತರೆ ಮಾತ್ರ ಕಲಾಯಿ ಹನಿಹನಿಯಾಗಿ ತಳಕ್ಕೆ ಇಳಿಯುತ್ತದೆ. ಹೊಗೆಯಾಡುವ ಎಣ್ಣೆಯ ಕಾವೂ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಇದರಲ್ಲಿ ಹುರಿಯುವುದು, ಕರಿಯುವುದು ಸಲ್ಲದು. ಒಗ್ಗರಣೆಯನ್ನು ಕಬ್ಬಿಣದ ಸೌಟಿನಲ್ಲಿ ಮಾಡಿ ಸಾರಿಗೆ ಸುರಿಯಿರಿ. ಕೈಯಾಡಿಸಲು ಮರದ ಸೌಟು. ತಳ ಹತ್ತಿದರೆ ಕೆರೆಯದೆ ನೆನೆಹಾಕಿರಿ. ಮರಳು, ಇಟ್ಟಿಗೆಪುಡಿ, ಲೋಹದ ನಾರು ಒಳಗೆ ಬೇಡ.

ಕಲಾಯಿ ದಿನಕಳೆದಂತೆ ಬೂದುಬಣ್ಣಕ್ಕೆ ತಿರುಗುವುದು ದೋಷವಲ್ಲ. ಹಳದಿ ಇಣುಕಿದರೆ ಮತ್ತೆ ಹಾಕಿಸುವ ಕಾಲ ಬಂತು. ಅದಕ್ಕೆ ತಿಂಗಳು ಎಣಿಸುವುದಕ್ಕಿಂತ ಹಗಲು ಬೆಳಕಿನಲ್ಲಿ ಕಣ್ಣು ಹಾಯಿಸುವುದು ಉತ್ತಮ. ಮದುವೆ ಮುಂಜಿಗಳಿಗೆ ಬಾಡಿಗೆಗೆ ತರುವ ಕೊಳದಪ್ಪಲೆಗಳನ್ನು ಎಣಿಸಿಕೊಳ್ಳುವಾಗಲೂ ಹೀಗೆಯೇ ಒಳಗೆ ನೋಡಿರಿ. ಹಳದಿ ಕಂಡದ್ದನ್ನು ನೀರು ಕಾಯಿಸಲು ಇಟ್ಟುಕೊಂಡು, ಹುಳಿಗೆ ಬೇರೊಂದನ್ನು ಕೇಳಿ ತನ್ನಿರಿ.