ದ್ರಾಕ್ಷಿಯ ತೋಟದಲ್ಲಿ ಒಂದು ದಿನ
(ಶತಮಾನೋತ್ಸವದ ಅಂಗವಾಗಿ ನಡೆದ ಕುಟುಂಬ ದಿನದಂದು ವಿಚಾರಣಾ ಗುರುಗಳು ಮಾಡಿದ ಭಾಷಣ)



ಕಳೆದ ವರ್ಷದ ಫೆಬ್ರವರಿಯಲ್ಲಿ ನಾವು ದ್ರಾಕ್ಷಾರಸ ತಯಾರಿಸುವ ತೋಟವೊಂದಕ್ಕೆ ಹೋಗಿಬಂದ ಸುದ್ದಿ ನಿಮ್ಮಲ್ಲಿ ಬಹುಮಂದಿಗೆ ತಲುಪಿದೆ. ಭಾನುವಾರ ಪ್ರಸಂಗಪೀಠದಲ್ಲಿ ನಿಂತು ಬಾಟಲಿಯನ್ನು ಶಪಿಸುವ ಸ್ವಾಮಿಗಳು ವಾರದ ನಡುವೆ ಬಾಟಲಿಯ ತವರಿಗೇ ಹೋದರೆಂದು ಕೆಲವರು ನಕ್ಕದ್ದೂ ನಮ್ಮ ಕಿವಿಗೆ ಬಿದ್ದಿದೆ. ನಗುವುದಕ್ಕೆ ಕಾರಣವಿತ್ತು. ಇಂದು ನಿಮ್ಮೆದುರು ಆ ದಿನದ ಲೆಕ್ಕವನ್ನು ಒಪ್ಪಿಸುತ್ತೇವೆ.

ನಮ್ಮ ಅಕ್ಕನ ಮಕ್ಕಳು, ಸೊಸೆಯಂದಿರು, ಗಾಯನ ವೃಂದದ ಕೆಲವರು, ಹಳೆಯ ಸ್ನೇಹಿತರು, ಎಲ್ಲ ಸೇರಿ ಹದಿನಾಲ್ಕು ಜನ ನಂದಿಬೆಟ್ಟದ ತಪ್ಪಲಿಗೆ, ದೊಡ್ಡಬಳ್ಳಾಪುರದ ಕಡೆಗೆ ಹೊರಟೆವು. ಬೆಳಗಿನ ಮಂಜು ಇನ್ನೂ ಬೆಟ್ಟದ ಹೆಗಲ ಮೇಲಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಆ ನೆಲದಲ್ಲಿ ಹಗಲು ಬಿಸಿಲು, ರಾತ್ರಿ ತಂಪು. ಹಣ್ಣು ಅವಸರಪಡದೆ ಮಾಗುತ್ತದೆ.

ನಾಲ್ಕು ದಶಕಗಳ ಹತ್ತಿರ ಪ್ರತಿದಿನವೂ ಬಲಿಪೀಠದಲ್ಲಿ ದ್ರಾಕ್ಷಾರಸದ ಪಾತ್ರೆಯನ್ನು ಎತ್ತಿದ ಈ ಕೈಗಳು ಅದು ಹುಟ್ಟುವ ಬಳ್ಳಿಯನ್ನು ಮುಟ್ಟಿದ್ದು ಅಂದೇ ಮೊದಲು. ಗುರುಮಠದಲ್ಲಿ ನಾವು ಕಲಿತದ್ದು ನಿಯಮವನ್ನು. ದ್ರಾಕ್ಷಾರಸವು ದ್ರಾಕ್ಷಿಯ ಹಣ್ಣಿನಿಂದಲೇ ಆದ, ಸಹಜವಾದ, ಕೆಡದ ರಸವಾಗಿರಬೇಕೆಂದು 1983ರ ಧರ್ಮಸಭೆಯ ಕಾನೂನು ಸಂಹಿತೆಯ 924ನೆಯ ವಿಧಿ ಹೇಳುತ್ತದೆ. ನಿಯಮ ಬಾಯಿಪಾಠವಾಗಿತ್ತು, ಬಳ್ಳಿ ಮಾತ್ರ ಅಪರಿಚಿತವಾಗಿತ್ತು.

ತೋಟದ ಮೇಲ್ವಿಚಾರಕರು ಸಾಲುಗಳ ನಡುವೆ ನಮ್ಮನ್ನು ನಡೆಸಿಕೊಂಡು ಹೋದರು. ಯುರೋಪಿನಲ್ಲಿ ಚಳಿಗಾಲ ಬಂದರೆ ಬಳ್ಳಿ ಎಲೆಯುದುರಿಸಿ ನಿದ್ರೆಹೋಗುತ್ತದೆ. ನಮ್ಮ ನಾಡಿನಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ಕತ್ತರಿಯೇ ಅದಕ್ಕೆ ಋತುವನ್ನು ಕಲಿಸಬೇಕು: ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲಿ ಒಮ್ಮೆ ಸವರುತ್ತಾರೆ, ಮಳೆ ಹಿಂದೆಸರಿಯುವ ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಮತ್ತೊಮ್ಮೆ ಸವರುತ್ತಾರೆ. ಈ ಎರಡನೆಯ ಸವರಿಕೆಯ ಫಲವೇ ಫೆಬ್ರವರಿ ಮಾರ್ಚಿಯ ಗೊಂಚಲು. ತಂದೆ ತೋಟಗಾರ, ಫಲಕೊಡುವ ಕೊಂಬೆಯನ್ನೂ ಸವರುತ್ತಾನೆ ಎಂಬ ಅರ್ಥದ ಪ್ರಭುವಿನ ಮಾತನ್ನು ಸಂತ ಯೊವಾನ್ನರ ಶುಭಸಂದೇಶದಿಂದ ಎಷ್ಟೋ ಸಲ ವ್ಯಾಖ್ಯಾನಿಸಿದ್ದೇವೆ. ಸವರಿದ ಗಾಯದಿಂದ ಹನಿಹನಿಯಾಗಿ ನೀರು ಸುರಿಯುವುದುಂಟೆಂದು, ಅದನ್ನು ತೋಟಗಾರರು ಬಳ್ಳಿಯ ಅಳು ಎನ್ನುತ್ತಾರೆಂದು ತಿಳಿದದ್ದು ಅಂದು.

ಅಲ್ಲಿ ಬೆಳೆಯುವುದು ಹೆಚ್ಚಾಗಿ ಫ್ರಾನ್ಸಿನಿಂದ ಬಂದ ತಳಿಗಳು, ಕ್ಯಾಬರ್ನೆ, ಶಿರಾಜ್ ಮುಂತಾದವು. ನಮ್ಮ ಅಜ್ಜಿಯಂದಿರು ಕ್ರಿಸ್ಮಸ್ಸಿಗೆ ಭರಣಿಯಲ್ಲಿ ಸಕ್ಕರೆ ಬೆರೆಸಿ ಇಡುತ್ತಿದ್ದ ಬೆಂಗಳೂರು ನೀಲಿ ದ್ರಾಕ್ಷಿಗೆ ಅಲ್ಲಿ ಅಷ್ಟು ಮರ್ಯಾದೆಯಿಲ್ಲ. ಭೌಗೋಳಿಕ ಗುರುತಿನ ಮನ್ನಣೆ ಪಡೆದ ನಮ್ಮೂರ ಹಣ್ಣನ್ನು ಹೀಗೆ ಕಡೆಗಣಿಸುವುದು ನಮಗೆ ಸರಿಕಾಣಲಿಲ್ಲ. ಆದರೆ ಅದು ಬೇರೆ ವಿಷಯ.

ಊಟಕ್ಕೆ ಮುಂಚೆ ರುಚಿ ನೋಡುವ ಕೋಣೆ. ಲೋಟದ ಕಾಲನ್ನು ಹಿಡಿಯಬೇಕು, ಬಣ್ಣ ನೋಡಬೇಕು, ಮೆಲ್ಲಗೆ ತಿರುಗಿಸಿ ಮೂಸಬೇಕು, ಒಂದು ಗುಟುಕನ್ನು ನಾಲಗೆಯ ಮೇಲೆ ಹೊರಳಿಸಿ ಬೇಕಿದ್ದರೆ ಉಗುಳಬೇಕು. ಉಗುಳುವ ಪಾತ್ರೆಯನ್ನು ಕಂಡು ಅಕ್ಕನ ಸೊಸೆ ಬಿದ್ದು ಬಿದ್ದು ನಕ್ಕಳು. ಕೆಂಪು ಬಣ್ಣ ಹಣ್ಣಿನ ಸಿಪ್ಪೆಯಿಂದ ಬರುತ್ತದೆಂದೂ, ಯೀಸ್ಟ್ ಹಣ್ಣಿನ ಸಕ್ಕರೆಯನ್ನು ತಿಂದು ಮದ್ಯಸಾರವಾಗಿ ಮಾರ್ಪಡಿಸುತ್ತದೆಂದೂ ಮೇಲ್ವಿಚಾರಕರು ವಿವರಿಸುತ್ತಿದ್ದರು. ನಾವೂ ಎರಡು ಗುಟುಕು ಕುಡಿದೆವು. ಮುಚ್ಚಿಡುವುದೇನು, ಚೆನ್ನಾಗಿತ್ತು.

ನಮ್ಮ ಗುಂಪಿನಲ್ಲಿ ಒಬ್ಬರು ಕುಡಿತವನ್ನು ಬಿಟ್ಟು ಹನ್ನೊಂದು ವರ್ಷಗಳಾದವರಿದ್ದರು. ಅವರ ಅನುಮತಿ ಪಡೆದೇ ಈ ಮಾತನ್ನು ಆಡುತ್ತಿದ್ದೇವೆ. ಲೋಟ ಮುಂದೆ ಬಂದಾಗ ಅವರು ಅಂಗೈಯಿಂದ ಅದರ ಬಾಯನ್ನು ಮುಚ್ಚಿದರು. ನಮ್ಮ ಸೋದರಳಿಯ, ಏನೂ ತಿಳಿಯದವನು, "ಒಂದೇ ಗುಟುಕು ಮಾವ, ಸ್ವಾಮಿಗಳೇ ಕುಡಿದರಲ್ಲ!" ಎಂದ. ಎಲ್ಲರೂ ನಕ್ಕರು. ಅವರೂ ನಕ್ಕು, ಎದ್ದು ಹೊರಗೆ ಹೋದರು. ಒಂದು ಮಾತಿನಿಂದ ಹುಡುಗನನ್ನು ತಡೆಯಬಹುದಾಗಿದ್ದ ನಾವು ಲೋಟ ಹಿಡಿದುಕೊಂಡು ಸುಮ್ಮನೆ ಕುಳಿತಿದ್ದೆವು. ಸಂತೋಷಕೂಟ ಕೆಟ್ಟೀತೆಂಬ ಅಂಜಿಕೆ. ಈ ರಾಜ್ಯದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾದಾಗ ಘಂಟಾಘೋಷವಾಗಿ ಪ್ರಸಂಗ ಮಾಡಿದ ಬಾಯಿ ಇದೇ.

ಸ್ವಲ್ಪ ಹೊತ್ತಿನ ಮೇಲೆ ಹುಡುಕಿಕೊಂಡು ಹೋದೆವು. ಅವರು ಸಾಲಿನ ಕೊನೆಯಲ್ಲಿ ಕಲ್ಲಿನ ಮೇಲೆ ಕುಳಿತಿದ್ದರು. ಕ್ಷಮೆ ಕೇಳಿದೆವು. ಅವರು ಹೇಳಿದ್ದು ಇಷ್ಟು: "ಹುಡುಗನ ಮಾತು ಬಿಡಿ ಸ್ವಾಮಿ. ಪವಿತ್ರ ಗುರುವಾರ ನೀವು ರೊಟ್ಟಿಯನ್ನು ರಸದಲ್ಲಿ ಅದ್ದಿ ಕೊಡುತ್ತೀರಲ್ಲ, ಆ ದಿನ ನಾನು ಪರಮಪ್ರಸಾದಕ್ಕೆ ಬರುವುದೇ ಇಲ್ಲ. ವಾಸನೆ ಸಾಕು ನನಗೆ. ಸಾಲಿನಲ್ಲಿ ನಿಂತು ಬೇಡವೆಂದರೆ ಊರೆಲ್ಲ ನೋಡುತ್ತದೆ."

ಹನ್ನೊಂದು ವರ್ಷ! ಪವಿತ್ರ ಗುರುವಾರದಂದು ಕೊನೆಯ ಬೆಂಚಿನಲ್ಲಿ ಅವರು ಮಂಡಿಯೂರಿರುವುದನ್ನು ನಾವು ಕಂಡಿದ್ದೆವು, ಕಾರಣ ಕೇಳಿರಲಿಲ್ಲ. ರೊಟ್ಟಿಯೊಂದರಲ್ಲೇ ಕ್ರಿಸ್ತರು ಪೂರ್ಣವಾಗಿ ಇದ್ದಾರೆಂದು 1562ರಲ್ಲಿ ಟ್ರೆಂಟ್ ಮಹಾಸಭೆ ಸ್ಪಷ್ಟವಾಗಿ ಬೋಧಿಸಿದೆ. ಕುಡಿತದ ಬಾಧೆಯುಳ್ಳ ಯಾಜಕರು ಧರ್ಮಾಧ್ಯಕ್ಷರ ಅನುಮತಿಯಿಂದ ಹುದುಗು ತಡೆಹಿಡಿದ ದ್ರಾಕ್ಷಿಯ ರಸವನ್ನು ಬಳಸುವ ದಾರಿಯನ್ನು ರೋಮ್ 2003ರ ಸುತ್ತೋಲೆಯಲ್ಲಿ ತಿಳಿಸಿದೆ. ಯಾಜಕನ ದೌರ್ಬಲ್ಯಕ್ಕೆ ದಾರಿ ಇದೆಯೆಂದು ಬಲ್ಲ ನಾವು, ವಿಶ್ವಾಸಿಯ ದೌರ್ಬಲ್ಯಕ್ಕೆ ಇನ್ನೊಂದು ಸಾಲನ್ನು ಏರ್ಪಡಿಸುವುದನ್ನು ಯೋಚಿಸಿರಲಿಲ್ಲ.

ಹಿಂದಿರುಗುವಾಗ ದಾರಿಬದಿಯಲ್ಲಿ ಬೆಂಗಳೂರು ನೀಲಿ ದ್ರಾಕ್ಷಿಯ ಒಂದು ಬುಟ್ಟಿ ಕೊಂಡೆವು. ಅವರೇ ಅದನ್ನು ತೊಡೆಯ ಮೇಲಿಟ್ಟುಕೊಂಡು ಎಲ್ಲರಿಗೂ ಹಂಚಿದರು. ಸೋದರಳಿಯನಿಗೆ ವಿಷಯವನ್ನು ಅವರೇ ಹೇಳಿದರು. ಹುಡುಗ ಮನೆ ಮುಟ್ಟುವವರೆಗೆ ತಲೆಯೆತ್ತಲಿಲ್ಲ.

ಅದೇ ವರ್ಷದ ಪವಿತ್ರ ಗುರುವಾರ ಎರಡು ಸಾಲುಗಳನ್ನು ಮಾಡಿ, ಎಡಗಡೆಯ ಸಾಲಿನಲ್ಲಿ ರೊಟ್ಟಿ ಮಾತ್ರ, ಯಾರೂ ಕಾರಣ ಹೇಳಬೇಕಾಗಿಲ್ಲ ಎಂದು ನಾವು ಪ್ರಕಟಿಸಿದ್ದು ನಿಮಗೆ ನೆನಪಿರಬಹುದು. ಏಕೆಂದು ಹಲವರು ಕೇಳಿದಿರಿ, ಅಂದು ಉತ್ತರ ಕೊಡಲಿಲ್ಲ. ಎಡಗಡೆಯ ಸಾಲಿಗೆ ಇಬ್ಬರೋ ಮೂವರೋ ಬರಬಹುದೆಂದು ಎಣಿಸಿ ಸಣ್ಣ ಪಾತ್ರೆಯಲ್ಲಿ ಸ್ವಲ್ಪವೇ ರೊಟ್ಟಿಗಳನ್ನು ಇಟ್ಟುಕೊಂಡಿದ್ದೆವು. ಅವು ಸಾಲದೆ ಹೋದವು. ಪ್ರಸಾದ ಪೆಟ್ಟಿಗೆಯಿಂದ ಮತ್ತೆ ತರಬೇಕಾಯಿತು.